ಜಿಗಿಯದ ಹುಡುಗಿ

೧೪ ಆಗಸ್ಟ್, ಗುರುವಾರ. ಚಾರ್ಲ್‌ವಿಲ್, ಆಸ್ಟ್ರೇಲಿಯಾ.

ಬ್ರಯೋನಿಯ ಆಟವನ್ನು ನಾನು ಮುಟ್ಟಬಾರದಿತ್ತು.

ನಾನು ಕಲಿಸುವ ಆನ್‌ಲೈನ್ ತರಗತಿಯಲ್ಲಿ ಹನ್ನೊಂದು ಮಕ್ಕಳು, ಎಲ್ಲರೂ ದೂರದೂರದ ದನದ ಫಾರ್ಮ್‌ಗಳವರು. ತಾವೇ ಮಾಡಿದ ವಿಡಿಯೋ ಗೇಮ್‌ಗಳನ್ನು ಇವತ್ತು ತೋರಿಸುತ್ತಿದ್ದರು. ಬ್ರಯೋನಿಯ ಆಟದಲ್ಲಿ ಗಾಲಿಗಳ ಮೇಲೆ ಕೂತ ಒಬ್ಬ ಹುಡುಗಿ. ಎಲ್ಲೂ ಮೆಟ್ಟಿಲಿಲ್ಲ, ದಾರಿಯುದ್ದಕ್ಕೂ ಇಳಿಜಾರು.

"ಇವ್ಳು ಜಿಗಿಯೋದೇ ಇಲ್ವಲ್ಲೇ! ಬಸವನಹುಳು!" ಅಂದ ರೀಸ್. ಎಲ್ಲರೂ ನಕ್ಕರು. ನಾನೂ ನಕ್ಕೆ. ಅಷ್ಟಕ್ಕೇ ಬಿಡದೆ, "ತಾಳು, ಸರಿ ಮಾಡ್ತೀನಿ" ಎಂದು ಗಾಲಿಗಳನ್ನು ಅಳಿಸಿ, ಎರಡು ಕಾಲು ಬರೆದು, ಅವಳನ್ನು ಜಿಗಿಸಿ ತೋರಿಸಿದೆ. ದೊಡ್ಡ ಜಾಣೆ ನಾನು. ಬ್ರಯೋನಿ ಕ್ಯಾಮೆರಾ ಆಫ್ ಮಾಡಿದಳು.

ಸಂಜೆ ಅವಳ ಅಮ್ಮನ ಫೋನ್. ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಹೆಚ್ಚು ನೋವಾಯಿತು. "ಆಟದಲ್ಲಿರೋದು ಟಿಲ್ಲಿ ಕಣ್ರೀ, ಇವಳ ತಂಗಿ. ವೀಲ್‌ಚೇರಲ್ಲಿ ಪಕ್ಕದಲ್ಲೇ ಕೂತು ನೋಡ್ತಾ ಇದ್ಲು. ಅವಳಿಗೋಸ್ಕರಾನೇ ಮಾಡಿದ್ದು."

ಬ್ರಯೋನಿಗೆ ಫೋನ್ ಕೊಡಿಸಿಕೊಂಡು ಕ್ಷಮೆ ಕೇಳಿದೆ. "ಹಳೇದನ್ನ ವಾಪಸ್ ತರಬಹುದು ಪುಟ್ಟಾ. ಈಗ್ಲೇ ತರ್ತೀನಿ."

"ಬೇಡ ಮಿಸ್."

"ಯಾಕೆ?"

"ಟಿಲ್ಲಿಗೆ ನಿಮ್ದೇ ಇಷ್ಟ ಆಗೋಯ್ತು. ಆಗ್ಲಿಂದ ಜಿಗಿಸ್ತಾನೇ ಇದಾಳೆ. ನಂದು ಬೇಡ್ವಂತೆ."

ಹಿಂದೆ ಟಿಲ್ಲಿಯ ನಗು ಕೇಳುತ್ತಿತ್ತು. ನಗುವ ಮಗುವಿನ ಕೈಯಿಂದ ಆ ಕಾಲುಗಳನ್ನು ಹೇಗೆ ಕಿತ್ತುಕೊಳ್ಳಲಿ? ಅಕ್ಕ ಆರು ವಾರ ಕೂತು ಒಂದೊಂದೇ ಇಳಿಜಾರು ಬರೆದಿದ್ದಳು. ನಾನು ಹತ್ತೇ ನಿಮಿಷದಲ್ಲಿ ಅವೆಲ್ಲ ಟಿಲ್ಲಿಗೆ ಬೇಡವಾಗುವಂತೆ ಮಾಡಿಬಿಟ್ಟೆ.