ಸೀಳದ ಪುಟ

೧೮೧೫, ನವೆಂಬರ್ ೯, ಗುರುವಾರ

ನನ್ನ ನಾಲಿಗೆಯನ್ನು ಮಸಿಕುಡಿಕೆಯಲ್ಲಿ ಅದ್ದಿಡಬೇಕು!

ಊಟವಾದ ಮೇಲೆ ಕ್ಯಾಪ್ಟನ್ ಪೆನ್ರೋಸ್ ನಮಗೆಲ್ಲ ಹೊಸ ಕಾದಂಬರಿ ಓದಿ ಹೇಳುತ್ತಿದ್ದರು. ‘ಒಬ್ಬ ಮಹಿಳೆ ಬರೆದದ್ದು’ ಎಂದಷ್ಟೇ ಅಚ್ಚಾಗಿದೆ. ಆ ಮಹಿಳೆ, ಅಂದರೆ ನಾನೇ, ಅಲ್ಲೇ ಕೂತು ಅಣ್ಣನ ಕಾಲುಚೀಲ ಹೊಲಿಯುತ್ತಿದ್ದಳು. ಹೊಸ ಪುಸ್ತಕವಾದ್ದರಿಂದ ಇನ್ನೂ ಅಂಚು ಕೂಡಿಕೊಂಡೇ ಇದ್ದ ಹಾಳೆಗಳನ್ನು ಚಾಕುವಿನಿಂದ ಸೀಳುತ್ತಾ, ನನ್ನ ನಾಯಕಿಯ ಸಿಟ್ಟನ್ನೆಲ್ಲ ಅವರು ಜೋಗುಳದಂತೆ ಓದಿದರು.

“ಪಾಪ, ಈಗ ಅಳ್ತಾಳೆ ನೋಡಿ,” ಎಂದರು ಅತ್ತಿಗೆ.

“ಎಲ್ಲಿ ಅಳ್ತಾಳೆ? ಪತ್ರ ಹರಿದು ನಾಯಕನ ಟೋಪಿಯೊಳಗೇ ತುಂಬ್ತಾಳೆ!” ಎಂದುಬಿಟ್ಟೆ.

ಮುಂದಿನ ಹಾಳೆಯನ್ನು ಇನ್ನೂ ಸೀಳಿರಲಿಲ್ಲ. ಕ್ಯಾಪ್ಟನ್ ಸೀಳಿ ನೋಡಿದರು. ಹಾಗೆಯೇ ಇತ್ತು.

ಅಣ್ಣ ಗೊರಕೆ ಹೊಡೆಯುತ್ತಿದ್ದ, ಬದುಕಿದೆ. ಅವನಿಗೆ ತಿಳಿದರೆ ಕಾಗದ ಒಲೆಗೆ, ನಾನು ಮೂಲೆಗೆ.

ಹೊರಡುವಾಗ ಕ್ಯಾಪ್ಟನ್ ಮೆಲ್ಲಗೆ ಹೇಳಿದರು: “ಸೀಳದ ಪುಟ ಓದೋ ಕಣ್ಣು ನಮ್ಮ ಹಡಗಲ್ಲಿ ಯಾರಿಗೂ ಇರಲಿಲ್ಲ, ಮಿಸ್ ಡೋರ್ಕಾಸ್. ಹೆದರಬೇಡಿ, ನಾನು ಯಾರಿಗೂ ಹೇಳಲ್ಲ.”

ಹೇಳುವುದಿಲ್ಲ, ಸರಿ. ಆದರೆ ಕಾದಂಬರಿಯ ಕೊನೆಯ ಸಂಪುಟವನ್ನು ಕಂಕುಳಲ್ಲಿಟ್ಟುಕೊಂಡು ಹೋದರಲ್ಲ! ಅದರ ನಾಯಕ ಕಿವಿ ತುರಿಸಿಕೊಳ್ಳುವ ರೀತಿಯೂ ಅವರದೇ. ಆರು ವರ್ಷದಿಂದ ನಾನು ಆಡಲಾರದ್ದನ್ನೆಲ್ಲ ನಾಯಕಿ ಅವನೆದುರು ನಾಚಿಕೆಯಿಲ್ಲದೆ ಆಡಿದ್ದಾಳೆ. ಈಗ ಎಷ್ಟನೆಯ ಪುಟ ಸೀಳುತ್ತಿದ್ದಾರೋ, ದೇವರೇ, ಚಾಕುವಾದರೂ ಮೊಂಡಾಗಬಾರದೇ!