ಹೊಳೆಯಾಚೆಯ ಅರವತ್ತು ಎಕರೆ

೪ ಮಾರ್ಚ್ ೧೯೫೭, ಸೋಮವಾರ

ಏಳಕ್ಕೆ ಗೇಟು ತೆಗೆದೆ. ನಿನ್ನೆಯ ಜನ ಬಿಟ್ಟುಹೋದದ್ದು: ಬಾಟಲಿ ಒಂಬತ್ತು, ಕಿತ್ತಳೆ ಸಿಪ್ಪೆ, ಮಗುವಿನ ಒಂದು ಕಾಲುಚೀಲ. ಜಲಪಾತದ ದಾರಿಗೆ ಬಾಗಿದ್ದ ಜರಿಗಿಡ ಕಡಿದೆ. ಬೋನಿನಲ್ಲಿ ಪೊಸಮ್ ನಾಲ್ಕು, ಬೆಕ್ಕಿನಷ್ಟು ದೊಡ್ಡ, ಮೈತುಂಬ ಕೂದಲಿನ ಪ್ರಾಣಿಗಳು. ಚಿಗುರು ತಿಂದು ಮರಗಳನ್ನೇ ಒಣಗಿಸುತ್ತವೆ, ಕೊಲ್ಲದೆ ವಿಧಿಯಿಲ್ಲ.

ಯಾರೊಂದಿಗೂ ಮಾತಿಲ್ಲ. ಹಾಲಿನ ಲಾರಿಯವನು ಕೈಬೀಸಿ ಹೋದ, ಅಷ್ಟೆ.

ಟಪಾಲಿನಲ್ಲಿ ಮಂಡಳಿಯ ಕಾರ್ಯದರ್ಶಿ ಏವರಿಲ್ ಅವರ ಪತ್ರ. ಮೀಸಲು ಕಾಡನ್ನು ಹೊಳೆಯಾಚೆಗೆ ವಿಸ್ತರಿಸುವ ಯೋಚನೆಯಂತೆ. ಅರವತ್ತು ಎಕರೆ. ಒಡತಿ ರಿಪೆಕಾ ವಾರೆರಾವು ಎಂಬ ಮಾವೋರಿ ಹೆಂಗಸು, ಈ ನೆಲದ ಮೂಲನಿವಾಸಿಗಳ ಪೈಕಿ. ಮರಗಳೆಂಥವು, ನೋಟ ಹೇಗಿದೆ, ಸಾರ್ವಜನಿಕರು ಹೋಗಲು ದಾರಿ ಮಾಡಬಹುದೇ— ವರದಿ ಬೇಕು. ಹದಿಮೂರು ವರ್ಷದಿಂದ ಇಲ್ಲಿ ಕಾವಲಿದ್ದೇನೆ. ಅಭಿಪ್ರಾಯ ಕೇಳಿದ್ದು ಇದೇ ಮೊದಲು.

೭ ಮಾರ್ಚ್, ಗುರುವಾರ

ಹೊಳೆ ದಾಟಿದೆ. ಯಾರನ್ನೂ ಕೇಳಲಿಲ್ಲ. ಕೇಳಬೇಕಿತ್ತೇನೋ... ಹೊಗೆ ಕಾಣುತ್ತಿತ್ತು, ಮನೆ ದೂರವಿತ್ತು.

ಇಂಥ ರಿಮು ಮರಗಳನ್ನು ನಾನು ನೋಡೇ ಇರಲಿಲ್ಲ. ಒಂದನ್ನು ಆರು ಜನ ಸೇರಿದರೂ ತಬ್ಬಲಾಗದು. ಕೊಡಲಿ ಬಿದ್ದ ಗುರುತು ಎಲ್ಲೂ ಇಲ್ಲ. ಕಾಡುಪಾರಿವಾಳಗಳು ತಲೆಯ ಮೇಲೇ ಕೂತು ಹಣ್ಣು ನುಂಗುತ್ತಿದ್ದವು, ಹೆದರಲಿಲ್ಲ.

ಮನೆಗೆ ಬಂದವನೇ ಬರೆಯಲು ಕೂತೆ. ನಾಲ್ಕು ಪುಟ. ‘ಈ ಜಿಲ್ಲೆಯಲ್ಲಿ ಇದಕ್ಕೆ ಸಮನಾದ ಕಾಡು ಇನ್ನೊಂದಿಲ್ಲ. ಇದು ಒಬ್ಬರ ಸ್ವತ್ತಾಗಿ ಉಳಿಯುವುದು ನಾಡಿಗೇ ನಷ್ಟ.’ ಗಟ್ಟಿಯಾಗಿ ಓದಿದೆ. ನನ್ನ ಹೆಂಡತಿ ಡಲ್ಸಿ ಬದುಕಿದ್ದಿದ್ದರೆ ಅರ್ಧ ವಿಶೇಷಣ ತೆಗೆಸುತ್ತಿದ್ದಳು. ಹಾಗೇ ಲಕೋಟೆಗೆ ಹಾಕಿದೆ.

೧೯ ಮಾರ್ಚ್, ಮಂಗಳವಾರ

ಏವರಿಲ್‌ಗೆ ವರದಿ ಬಹಳ ಹಿಡಿಸಿದೆ. ದಾರಿಯ ಅಳತೆಯೂ ಬೇಕಂತೆ. ಅಳತೆಯ ಸರಪಳಿ ಹಿಡಿದು ಆಚೆ ಹೋದೆ. ಹಳ್ಳದಲ್ಲಿ ಸೊಪ್ಪು ಕೊಯ್ಯುತ್ತಿದ್ದ ಮುದುಕಿ ಬೆನ್ನು ನೆಟ್ಟಗೆ ಮಾಡಿ ನೋಡಿದರು. ಗಂಡಸರ ಕೋಟು, ಬರಿಗಾಲು. ಅವರೇ ರಿಪೆಕಾ.

“ಏನಪ್ಪಾ, ಏನಾದ್ರೂ ಕಳ್ಕೊಂಡಿದ್ದೀಯಾ?”

ಟೋಲಿ ಅಂತ ಹೆಸರು, ಈಚೆ ಕಾಡಿನ ಕಾವಲುಗಾರ, ಮರ ನೋಡಲು ಬಂದೆ ಎಂದೆ.

“ಮರ ನೋಡೋಕೆ ಸರಪಳಿ ಯಾಕೆ? ಓಡಿಹೋಗ್ತವಾ?”

ಸರಪಳಿ ಸುತ್ತಿ ಕಂಕುಳಲ್ಲಿಟ್ಟೆ. ಅವರೇ ನಕ್ಕರು. ಚಹಾಕ್ಕೆ ಕರೆದರು. ಹೊಗೆಯಲ್ಲಿ ಒಣಗಿಸಿದ ಹಾವುಮೀನು, ಹುಳಿ ಹಿಟ್ಟಿನ ಬ್ರೆಡ್ಡು. ನಾಲ್ಕು ವರ್ಷದಿಂದ ಬೇರೆಯವರು ಮಾಡಿದ್ದನ್ನು ಮೇಜಿನ ಮುಂದೆ ಕೂತು ತಿಂದಿರಲಿಲ್ಲ. ಶುಕ್ರವಾರ ಬ್ರೆಡ್ಡು ಸುಡುತ್ತಾರಂತೆ, ಬಾ ಎಂದರು. ವರದಿಯ ಮಾತು ಎತ್ತಲಿಲ್ಲ.

೨೬ ಏಪ್ರಿಲ್, ಶುಕ್ರವಾರ

ಆರನೇ ಶುಕ್ರವಾರ. ಇವತ್ತು ಚಿಮಣಿ ರಿಪೇರಿ ಮಾಡಿಕೊಟ್ಟೆ. ನಿನ್ನ ಕೂದಲು ನೋಡಿದರೆ ಪೊಸಮ್ ಅಂತ ಯಾರಾದರೂ ಗುಂಡು ಹೊಡೆದಾರು ಅಂದರು, ಕತ್ತರಿ ತಂದು ತಾವೇ ಕತ್ತರಿಸಿದರು. ಹೆಂಡತಿಯ ಹೆಸರು ಕೇಳಿದರು. ಡಲ್ಸಿ ಎಂದೆ. “ಡಲ್ಸಿ,” ಅಂದರು ಅವರೂ, ರುಚಿ ನೋಡುವ ಹಾಗೆ. ಬೇರೆಯವರ ಬಾಯಲ್ಲಿ ಆ ಹೆಸರು ಕೇಳಿ ಎಷ್ಟು ಕಾಲವಾಗಿತ್ತು...

ಆಮೇಲೆ ಅವರು ಹೇಳಿದ್ದು. ಈಚೆ ದಡ, ಈಗ ಬೆಂಚು ಹಾಕಿ ಕಾರು ನಿಲ್ಲಿಸುವ ಜಾಗ, ಅದೂ ಅವರ ಮನೆತನದ್ದೇ. ಅಪ್ಪನ ಕಾಲದಲ್ಲಿ ಒಂದು ಕಾಗದ ಬಂತು: ಜಾಗ ಚೆಂದವಾಗಿದೆ, ಎಲ್ಲರೂ ನೋಡಬೇಕು, ಬಿಟ್ಟುಕೊಡಿ.

“ನಂಗಾಗ ಹದಿನಾರು. ನಮ್ಮ ಸತ್ತೋರನ್ನ ಅಗೆದು ತೆಗೆದು, ಕಂಬಳೀಲಿ ಸುತ್ತಿ ಹೊತ್ಕೊಂಡು ಹೊಳೆ ದಾಟಿದ್ವಿ. ನನ್ ಪಾಲಿಗೆ ತಂಗಿ ಬಂದ್ಲು. ಭಾರವೇ ಇರ್ಲಿಲ್ಲ.”

ಆ ಗೋರಿಗಳು ಮೇಲಿನ ದಿಬ್ಬದಲ್ಲಿವೆ. ನನ್ನ ದಾರಿಯ ಅಳತೆ ಅಲ್ಲಿಂದಲೇ ಹಾದಿದೆ. ಬರೀ ಪಾಚಿಗಟ್ಟಿದ ಕಲ್ಲುಗಳು ಅಂದುಕೊಂಡಿದ್ದೆ.

೨೯ ಏಪ್ರಿಲ್, ಸೋಮವಾರ

ಏವರಿಲ್‌ಗೆ ಬರೆದೆ. ಗೋರಿಗಳಿವೆ, ಒಡತಿಗೆ ಕೊಡುವ ಮನಸ್ಸಿರಲಾರದು, ದಯವಿಟ್ಟು ಕೈಬಿಡಿ.

೩೧ ಮೇ, ಶುಕ್ರವಾರ

ಉತ್ತರ ಮೂರು ಸಾಲು. ವರದಿ ಓದಿ ಸದಸ್ಯರೆಲ್ಲ ಮನಸೋತಿದ್ದಾರೆ. ಗೋರಿಗಳಿಗೆ ಬೇಲಿ ಹಾಕಿ ಫಲಕ ನಿಲ್ಲಿಸಲಾಗುವುದು. ಜನರಿಗೆ ಅದೂ ಒಂದು ಆಕರ್ಷಣೆ.

ಸಂಜೆ ಆಚೆ ಹೋದೆ. ಚಹಾ ಕುಡಿದೆ. ಹೇಳಲಿಲ್ಲ.

೭ ಜೂನ್, ಶುಕ್ರವಾರ

ಹೇಳಲಿಲ್ಲ.

೧೪ ಜೂನ್, ಶುಕ್ರವಾರ

ಹೊಳೆ ತುಂಬಿದೆ. ದಾಟುವಂತಿಲ್ಲ. ಸದ್ಯ, ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯಾಯಿತು.

೫ ಜುಲೈ, ಶುಕ್ರವಾರ

ರಿಪೆಕಾ ಅವರ ಮೇಜಿನ ಮೇಲೆ ಮಂಡಳಿಯ ನೋಟಿಸು, ಜಾಗ ವಶಪಡಿಸಿಕೊಳ್ಳುವ ಬಗ್ಗೆ. ಅದರ ಜೊತೆ ನನ್ನ ವರದಿಯ ನಕಲು, ಕೆಳಗೆ ನನ್ನ ಸಹಿ. ಕನ್ನಡಕ ಹಾಕಿಕೊಂಡು ನನ್ನದೇ ಸಾಲುಗಳನ್ನು ನಿಧಾನವಾಗಿ ಓದಿದರು, ಪಾರಿವಾಳಗಳ ತನಕ.

“ಚೆನ್ನಾಗಿ ಬರ್ದಿದ್ದೀಯ, ಟೋಲಿ. ಓದಿದ್ರೆ ನಂಗೇ ಕಿತ್ಕೊಳ್ಳೋಣ ಅನ್ಸುತ್ತೆ.”

ನಿಮ್ಮ ಪರಿಚಯ ಆಗುವ ಮೊದಲು ಬರೆದದ್ದು ಎಂದೆ.

“ಪರಿಚಯ ಆದ್ಮೇಲೆ ಎಷ್ಟು ಶುಕ್ರವಾರ ಬಂತು?”

ಎಣಿಸಿದ್ದೆ. ಒಲೆಯ ಮೇಲೆ ಕೆಟಲ್ ಕುದಿಯುತ್ತಲೇ ಇತ್ತು, ಅವರು ಏಳಲಿಲ್ಲ. ನಾನು ಎದ್ದು ಬಂದೆ.

೨೨ ಆಗಸ್ಟ್, ಗುರುವಾರ

ಪೇಟೆಯ ಸಭಾಂಗಣದಲ್ಲಿ ವಿಚಾರಣೆ. ನಾನು ಮಂಡಳಿಯ ಪರ ಸಾಕ್ಷಿ. ರಿಪೆಕಾ ಎರಡನೇ ಸಾಲಿನಲ್ಲಿ, ಕಪ್ಪು ಉಡುಪು, ಕಾಲಿಗೆ ಬೂಟು. ನನ್ನತ್ತ ನೋಡಲಿಲ್ಲ.

ವರದಿ ನಿಮ್ಮದೇ, ಎಂದು ಏವರಿಲ್ ಕೇಳಿದರು. ಹೌದು. ಅದರಲ್ಲಿರುವುದು ನಿಜವೇ? ಒಂದೊಂದು ಮರವೂ ನಿಜ.

ಏವರಿಲ್ ಕೂರಲು ಹೇಳಿದರು. ಕೂರಲಿಲ್ಲ. ಒಂದು ಮಾತು ಬಿಟ್ಟುಹೋಗಿದೆ ಎಂದೆ. ಕಟಕಟೆಯ ಅಂಚು ಹಿಡಿದುಕೊಂಡೆ. “ಈಚೆ ಕಾಡು ಕಾಯೋದಕ್ಕೆ ನನಗೆ ಸಂಬಳ ಕೊಡ್ತೀರಿ. ಆದರೂ ಅರ್ಧ ಮರ ಒಣಗಿವೆ. ಆಚೆಯದನ್ನ ಇವರು ಐವತ್ತು ವರ್ಷ ಕಾದಿದ್ದಾರೆ, ಯಾರೂ ಕೇಳದೆ. ಸಾರ್ವಜನಿಕರಿಗೆ ಉಪಕಾರ ಆಗಬೇಕಾದರೆ ಅದನ್ನ ಇವರ ಕೈಯಲ್ಲೇ ಬಿಡಿ. ನಾನು ಒಳಗೆ ಕಾಲಿಡೋ ಮೊದಲು ಇವರನ್ನ ಕೇಳಬೇಕಿತ್ತು. ಕೇಳಲಿಲ್ಲ.”

ಇದು ಮಂಡಳಿಯ ನೌಕರನಾಗಿ ಆಡುವ ಮಾತೇ, ಎಂದು ಅಧ್ಯಕ್ಷರು ಕೇಳಿದರು. ಅಲ್ಲ ಎಂದೆ.

ವಾಪಸು ಬರುವ ಬಸ್ಸಿನಲ್ಲಿ ಇಬ್ಬರೂ ಇದ್ದೆವು. ಅವರು ಮುಂದೆ, ನಾನು ಹಿಂದೆ.

೧೦ ಸೆಪ್ಟೆಂಬರ್, ಮಂಗಳವಾರ

ತೀರ್ಮಾನ ಬಂತು. ಹೊಳೆಯಂಚಿನ ಹದಿನೈದು ಎಕರೆ ಮೀಸಲಿಗೆ. ದಿಬ್ಬ, ಗೋರಿ, ಮನೆ, ಉಳಿದ ಕಾಡು ಅವರಿಗೆ.

ಅದೇ ಟಪಾಲಿನಲ್ಲಿ ಇನ್ನೊಂದು. ಅಕ್ಟೋಬರ್ ಕೊನೆಗೆ ನನ್ನ ಸೇವೆ ಮುಕ್ತಾಯ. ಮನೆ ಖಾಲಿ ಮಾಡುವುದು.

೧೩ ಸೆಪ್ಟೆಂಬರ್, ಶುಕ್ರವಾರ

ದಾಟಿ ಹೋದೆ. ಈ ಸಲ ಬೇಲಿಯ ಹೊರಗೇ ನಿಂತು ಕೂಗಿದೆ. ಕೈಯೊರೆಸಿಕೊಳ್ಳುತ್ತ ಬಂದರು. ಬ್ರೆಡ್ಡಿನ ವಾಸನೆ ಅಲ್ಲಿಯವರೆಗೂ ಬರುತ್ತಿತ್ತು.

“ಅಲ್ಲಿ ನೀನು ಹೇಳಿದ್ದು ಕೇಳಿಸ್ಕೊಂಡೆ. ಸರಿಯಾದ ಮಾತು.”

ಕಾದೆ.

“ಆದ್ರೆ ಇನ್ಮೇಲೆ ಶುಕ್ರವಾರ ಬರಬೇಡ.”

ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಇಳಿಯುವವರೆಗೆ ಕಾಯಬಹುದಿತ್ತು. ಕೆಲಸ ಹೋಯಿತಂತೆ, ಎಲ್ಲಿಗೆ ಹೋಗ್ತೀಯ, ಎಂದು ಕೇಳಿದರು. ಪೇಟೆಗೆ ಎಂದೆ. ತಲೆಯಾಡಿಸಿದರು. ಕಲ್ಲು ಜಾರುತ್ತೆ, ನೋಡ್ಕೊಂಡು ದಾಟು ಎಂದರು.

೩೧ ಅಕ್ಟೋಬರ್, ಗುರುವಾರ

ಹೊಸಬನ ಹೆಸರು ಫೆನ್ನಿಕ್. ಚುರುಕಾಗಿದ್ದಾನೆ. ಬೋನು, ಬೀಗದ ಕೈ, ದಾರಿಗಳ ನಕ್ಷೆ ಒಪ್ಪಿಸಿದೆ. ಆಚೆ ಹೋಗುವ ಮೊದಲು ಬೇಲಿ ಹತ್ತಿರ ನಿಂತು ಕೂಗಬೇಕು ಎಂದೆ. ಪುಸ್ತಕದಲ್ಲಿ ಬರೆದುಕೊಂಡ.

ಡಲ್ಸಿಯ ಗುಲಾಬಿ ಅಗೆದು ಒಯ್ಯೋಣವೆಂದಿದ್ದೆ. ಬೇರು ಆಳಕ್ಕೆ ಹೋಗಿದೆ. ಬಿಟ್ಟೆ.

೨೫ ಜನವರಿ ೧೯೫೯, ಭಾನುವಾರ

ವಿಹಾರದ ಬಸ್ಸಿಗೆ ಟಿಕೆಟು ಕೊಂಡು ಹೋಗಿ ಬಂದೆ. ನಲವತ್ತು ಜನ. ಈಗ ಹೊಳೆಗೆ ತೂಗುಸೇತುವೆ ಹಾಕಿದ್ದಾರೆ. ಆಚೆ ಬೆಂಚುಗಳು, ಆಮೇಲೆ ಬೇಲಿ. ಬೇಲಿಯಾಚೆ ಇಳಿಜಾರಿನಲ್ಲಿ ರಿಪೆಕಾ ಬಟ್ಟೆ ಒಣಹಾಕುತ್ತಿದ್ದರು. ತುಸು ಬಾಗಿದ್ದಾರೆ.

ಟೋಪಿ ತೆಗೆದೆ. ದುಪ್ಪಟಿ ಕೊಡವಿ ತಿರುಗಿದವರು ಈಚೆ ನೋಡಿದರು. ನನ್ನನ್ನೋ, ನಲವತ್ತು ಜನರನ್ನೋ ತಿಳಿಯಲಿಲ್ಲ. ಬುಟ್ಟಿ ಎತ್ತಿಕೊಂಡು ಒಳಗೆ ಹೋದರು.

ಪಕ್ಕದಲ್ಲಿದ್ದ ಹೆಂಗಸು ಕೇಳಿದಳು, “ಅಯ್ಯೋ, ಇಂಥ ಕಡೆ ಒಬ್ಬರೇ ಇರ್ತಾರಾ? ನಿಮಗೆ ಪರಿಚಯವಾ?”

ಹೌದು ಎಂದೆ. ಒಂದು ಕಾಲದಲ್ಲಿ ಪ್ರತಿ ಶುಕ್ರವಾರ—