ಹರ್ಜೊ ಎದುರು ಸೋಲಬೇಕಾದ ಭಾನುವಾರ

ಮಂಗಳವಾರ, ಸೆಪ್ಟೆಂಬರ್ 2
ಕಾವಲು ಕಟ್ಟೆಯಲ್ಲಿ ಎಂದಿನಂತೆ ಡಾಮಿನೊ. ಎಂದಿನಂತೆ ಗೆದ್ದೆ. ಪಕ್ಕದ ಮನೆ ಯಜಮಾನ ಪಾಕ್ ಕಸ್ಬಿಯ ಎರಡೂ ಕಿವಿಗೆ ಸೋತ ದಂಡವಾಗಿ ಬಟ್ಟೆ ಕ್ಲಿಪ್ಪು. ಸೋತವನು 'ಕಲಾಹ್', ಅಂದರೆ ಸೋತೆ, ಅಂತ ಬಾಯಿಬಿಟ್ಟು ಹೇಳಬೇಕು. ಕಟ್ಟೆಯ ಕಾನೂನು. ಹನ್ನೊಂದು ವರ್ಷದಿಂದ ಆ ಮಾತು ನನ್ನ ನಾಲಿಗೆಗೆ ಬಂದಿಲ್ಲ. ಜಂಬವಲ್ಲ... ಸ್ವಲ್ಪ ಜಂಬವೇ.

ಬುಧವಾರ, 3
ಮಗಳು ವುಲಾನಳನ್ನು ಕೇಳಲು ಹುಡುಗನ ಅಪ್ಪ ಭಾನುವಾರ ಬರುತ್ತಾರೆ. ಪಾಕ್ ಹರ್ಜೊ, ರಿಟೈರ್ಡ್ ಸ್ಟೇಷನ್ ಮಾಸ್ಟರ್. ಡಾಮಿನೊ ಹುಚ್ಚು. ಸೋತರೆ ಮುಖ ಊದಿಸಿಕೊಳ್ಳುವ ಆಸಾಮಿ — ಷಡ್ಡಕನ ಜೊತೆ ಎರಡು ವರ್ಷ ಮಾತು ಬಿಟ್ಟಿದ್ದರಂತೆ. ಹೆಂಡತಿ ಸುಮಿಗೆ ದಿಗಿಲು.
"ರೀ, ಸುಮ್ನೆ ಸೋತುಬಿಡಿ. ಮಗಳ ಮದುವೆಗಿಂತ ನಿಮ್ಮ ಆಟ ದೊಡ್ಡದಾ?"
"ಸೋಲೋದು ಹೇಗಂತ ಮರೆತೇ ಹೋಗಿದೆ ಕಣೇ."
"ಕಸ್ಬಿ ಹತ್ರ ಹೇಳಿಸ್ಕೊಳ್ಳಿ."

ಶುಕ್ರವಾರ, 5
ಕಸ್ಬಿ ಜೊತೆ ಸೋಲುವ ಅಭ್ಯಾಸ. ಮೂರು ಆಟ. ಮೂರೂ ಗೆದ್ದೆ. ಕೈ ಮಾತು ಕೇಳುತ್ತಿಲ್ಲ.

ಭಾನುವಾರ, 7. ಮಧ್ಯಾಹ್ನ 1
ಬಂದರು. ಊಟಕ್ಕೆ ಮೊದಲೇ ಡಾಮಿನೊ ಎಲೆ ಹಂಚಿದೆವು. ನಾಲ್ಕೇ ಸುತ್ತು. ಸಾಲಿನ ಎರಡೂ ತುದಿಯಲ್ಲಿ ಐದು ಚುಕ್ಕಿ, ಕೂಡಿಸಲು ಐದರ ಎಲೆಯೇ ಬೇಕು. ಹರ್ಜೊ ಮೇಜು ಕುಟ್ಟಿದರು — ಎಲೆ ಇಲ್ಲ, ಪಾಸ್. ನನ್ನ ಕೈಯಲ್ಲಿ ಐದರ ಎಲೆ ಇತ್ತು. ನಾನೂ ಕುಟ್ಟಿದೆ. ಆಟ ಬಂದ್. ಎಲೆ ತೆರೆದು ತೋರಿಸಲೇಬೇಕು. ನನ್ನಲ್ಲಿ ಎರಡು ಐದು. ಅವರಲ್ಲಿ ಮೂರು.
"ಪಾಕ್ ಹರ್ಜೊ... ಐದು ಇತ್ತಲ್ಲ ನಿಮ್ಮ ಹತ್ರ?"
"ನಿಮ್ಮ ಹತ್ರಾನೂ ಇತ್ತಲ್ಲ, ಪಾಕ್ ದರ್ಮಾನ್." ಕಿವಿ ಕೆಂಪಾಯಿತು ಅವರದು. "ಹೆಣ್ಣಿನ ಮನೇಲಿ ಗೆದ್ದು ಬಂದ್ರೆ ಬಾಗಿಲು ತೆಗೆಯಲ್ಲ ಅಂದಿದ್ದಾಳೆ ನನ್ನವಳು."
ನಕ್ಕೂ ನಕ್ಕೂ ಇಬ್ಬರಿಗೂ ಕೆಮ್ಮು. ಮದುವೆ ನವೆಂಬರಿಗೆ. ವುಲಾನ್ ಅಡುಗೆಮನೆಯಲ್ಲಿ ಅತ್ತಳು. ನಾನೂ ಸ್ವಲ್ಪ.
ಊಟ ಆಯಿತು. "ಇನ್ನು ಬೀಗರಾದ್ವಲ್ಲ, ಈಗ ನಿಜವಾಗಿ ಆಡೋಣ" ಅನ್ನುತ್ತಿದ್ದಾರೆ. ಪಾಪ.

ಸೋಮವಾರ, 8
ಐದು ಆಟ ಆಡಿದೆವು ನಿನ್ನೆ. ಐದೂ ಹರ್ಜೊಗೆ.
ಸುಮಿ ಬೆಳಗಿನಿಂದ ಕೇರಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾಳೆ. "ಮಾತು ಮುಗಿದ ಮೇಲೂ ಬೀಗರಿಗೆ ಐದಾಟ ಬಿಟ್ಟುಕೊಟ್ರು ನಮ್ಮೋರು. ಎಷ್ಟು ಚೆನ್ನಾಗಿ ಸೋತ್ರು ಅಂತೀರಿ, ಅವರಿಗೆ ಗೊತ್ತೇ ಆಗಲಿಲ್ಲ." ಕಸ್ಬಿ ಬಂದು ಕೈ ಕುಲುಕಿದ. ದೊಡ್ಡ ಮನಸ್ಸಂತೆ ನನ್ನದು. ಹೂಂ ಅಂದೆ. ಮಧ್ಯಾಹ್ನ ಅನ್ನ ಸೇರಲಿಲ್ಲ.
ಈ ಪುಸ್ತಕ ಯಾರೂ ಓದುವುದಿಲ್ಲ. ಇಲ್ಲಾದರೂ ನಿಜ ಬರೆಯಬೇಕು. ಆ ಐದರಲ್ಲಿ ಒಂದೇ ಒಂದನ್ನೂ ನಾನು ಬೇಕಂತ—